ನಮ್ಮ ಮನೆಯ ಟಿವಿಗೆ ತಗುಲಿದ ದೃಷ್ಟಿ

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಹೆಮ್ಮೆಗಾಗಿ ಹೇಳುತ್ತಿಲ್ಲ, ಸಂಕಟಕ್ಕೆ ಹೇಳುತ್ತಿದ್ದೇನೆ. ಮನೆಯಲ್ಲಿ ಫ್ಯೂಸು ಹೋದರೆ, ಕುಕ್ಕರು ಕೂಗದಿದ್ದರೆ, ಹಾಲು ಒಡೆದರೆ, ಫ್ಯಾನು ಕಿರುಗುಟ್ಟಿದರೆ ಎಲ್ಲರೂ ಒಟ್ಟಿಗೆ ನನ್ನ ಮುಖ ನೋಡುತ್ತಾರೆ. ನಮ್ಮ ಸ್ಕೂಲಿನ ಕನ್ನಡ ಟೀಚರ ಮನೆಯಲ್ಲೂ ಹಾಲು ಒಡೆಯುತ್ತದೆ, ಆದರೆ ಅವರ ಮುಖವನ್ನು ಯಾರೂ ಹಾಗೆ ನೋಡುವುದಿಲ್ಲವಂತೆ. ನನಗೆ ಗೊತ್ತಿರುವುದು ಪುಸ್ತಕದ ಕರೆಂಟು. ಅಲ್ಲಿ ಒಂದು ಬ್ಯಾಟರಿ, ಒಂದು ಸ್ವಿಚ್ಚು, ಒಂದು ಬಲ್ಬು ಇರುತ್ತವೆ. ಸ್ವಿಚ್ಚು ಹಾಕಿದರೆ ಬಲ್ಬು ಹತ್ತಿಕೊಳ್ಳುತ್ತದೆ. ಹತ್ತಿಕೊಳ್ಳದಿದ್ದರೆ ಏನು ಮಾಡಬೇಕು ಅನ್ನುವುದು ಸಿಲಬಸ್ಸಿನಲ್ಲಿ ಇಲ್ಲ. ಹತ್ತದ ಬಲ್ಬಿನ ವಿಷಯದಲ್ಲಿ ನಾನೂ ನಿಮ್ಮಷ್ಟೇ ದಡ್ಡಿ. ಇನ್ನು ಟಿವಿಯ ವಿಷಯದಲ್ಲಿ ನಮ್ಮ ಅತ್ತೆಗಿಂತ ದಡ್ಡಿಯೋ ಜಾಣೆಯೋ ಅನ್ನುವುದು ಇವತ್ತಿಗೂ ನನಗೆ ಸರಿಯಾಗಿ ಗೊತ್ತಾಗಿಲ್ಲ.

ನಾವು ಹೊಸದುರ್ಗದಲ್ಲಿ ಹೊಸ ಮನೆ ಕಟ್ಟಿಸಿದೆವು. ಶ್ರೀರಾಂಪುರದ ರಸ್ತೆಯಲ್ಲಿ, ಮೊದಲು ತೆಂಗಿನ ತೋಟವಿದ್ದು ಈಗ ಸೈಟುಗಳಾಗಿರುವ ಜಾಗ. ಅದಕ್ಕೆ ಮೊದಲು ಪೇಟೆಯೊಳಗೆ ಬಾಡಿಗೆ ಮನೆಯಲ್ಲಿದ್ದೆವು. ಆ ಮನೆಯಲ್ಲಿ ಕೇಬಲ್ ವೈರು ರಾಜಾರೋಷವಾಗಿ ಕಿಟಕಿಯಿಂದ ಒಳಗೆ ಬಂದು, ಕ್ಯಾಲೆಂಡರಿನ ಮೊಳೆಗೆ ಒಂದು ಸುತ್ತು ಹಾಕಿಕೊಂಡು, ದೇವರ ಗೂಡಿನ ಪಕ್ಕದಲ್ಲಿ ಹಾದು ಟಿವಿ ಸೇರುತ್ತಿತ್ತು. ಅದರ ಮೇಲೆ ಕರವಸ್ತ್ರ ಒಣಗಿಸುತ್ತಿದ್ದೆವು. ಟಿವಿ ಒಂದು ದಿನವೂ ಕೈಕೊಟ್ಟಿರಲಿಲ್ಲ. ಆದರೂ ಆ ವೈರನ್ನು ಕಂಡರೆ ನಮ್ಮ ಮನೆಯವರಿಗೆ ಆಗುತ್ತಿರಲಿಲ್ಲ. ಅವರು ಸೊಸೈಟಿಯಲ್ಲಿ ಗುಮಾಸ್ತರು, ಎಲ್ಲವೂ ಫೈಲಿನೊಳಗೆ ಇರಬೇಕು. “ನಮ್ಮನೇಲಿ ಒಂದು ವೈರೂ ಕಣ್ಣಿಗೆ ಕಾಣ್ಬಾರ್ದು” ಅನ್ನುವುದು ಅವರ ಸಂಕಲ್ಪವಾಗಿತ್ತು. ವೈರಿಂಗ್ ಮಾಡಿದ ಓಬಳೇಶ ಕೂಡ ಎದೆ ತಟ್ಟಿಕೊಂಡು, “ಎಲ್ಲಾ ಗೋಡೆ ಒಳಗೇ ಹಾಕ್ತೀನಿ ಸರ್. ಒಂದೇ ಒಂದು ವೈರ್ ಕಂಡ್ರೆ ಕೇಳ್ರಿ” ಅಂದ. ಮಾತಿಗೆ ತಪ್ಪಲಿಲ್ಲ. ಎಲ್ಲಾ ಗೋಡೆಯೊಳಗೆ ಹೋಯಿತು. ಯಾವ ವೈರು ಯಾವ ಗೋಡೆಯಲ್ಲಿದೆ ಅನ್ನುವುದು ನಮಗೂ ಕಾಣಲಿಲ್ಲ, ಆಮೇಲೆ ಅವನಿಗೂ ಕಾಣಲಿಲ್ಲ.

ಗೃಹಪ್ರವೇಶಕ್ಕೆ ನಮ್ಮಕ್ಕ ಸರೋಜ ಹೊಳಲ್ಕೆರೆಯಿಂದ ಎರಡು ದಿನ ಮೊದಲೇ ಬಂದು ಸೆರಗು ಕಟ್ಟಿ ನಿಂತಳು. ನಮ್ಮ ಅವ್ವ ಇಲ್ಲದ ಮೇಲೆ ನನಗೆ ತವರು ಅಂತ ಇರುವುದು ಅವಳೊಬ್ಬಳೇ. ಅವಳ ಬಗ್ಗೆ ಒಂದು ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಅವಳಿಗೆ ಹೊಗಳುವ ಚಟ. ಬಸ್ಸು ಹತ್ತಿದರೆ ಸೀಟು ಮೆತ್ತಗಿದೆ ಅಂತ ಕಂಡಕ್ಟರನ್ನು ಹೊಗಳುತ್ತಾಳೆ. ಸಂತೆಯಲ್ಲಿ ಬದನೆಕಾಯಿಯನ್ನು ಮಾರುವವಳ ಎದುರಿಗೇ ಹೊಗಳಿ, ಚೌಕಾಸಿಗೆ ದಾರಿಯೇ ಇಲ್ಲದಂತೆ ಮಾಡಿಕೊಳ್ಳುತ್ತಾಳೆ. ಬೇರೆಯವರ ಮಗುವನ್ನು ಎತ್ತಿಕೊಂಡು, “ಏನ್ ಗುಂಡು ಗುಂಡಾಗೈತೆ!” ಅಂದರೆ ಆ ತಾಯಿ ಒಳಗೊಳಗೇ ಹೆದರಿ ಸಂಜೆಗೆ ಮೆಣಸಿನಕಾಯಿ ನಿವಾಳಿಸುತ್ತಾಳೆ. ನಮ್ಮ ಕಡೆ ಹೊಗಳುವುದಕ್ಕೂ ಒಂದು ರೀತಿ ಇದೆ. ಹೊಗಳಿದ ಮೇಲೆ ‘ಥೂ ಥೂ’ ಅಂತ ಉಗುಳಿದ ಹಾಗೆ ಮಾಡಬೇಕು, ಇಲ್ಲವೇ ನೆಟಿಗೆ ಮುರಿಯಬೇಕು. ಅಕ್ಕನಿಗೆ ಹೊಗಳುವ ಸಂಭ್ರಮದಲ್ಲಿ ಆ ಎರಡನೆಯ ಭಾಗ ಮರೆತುಹೋಗುತ್ತದೆ.

ಪೂಜೆ, ಊಟ ಎಲ್ಲ ಚೆನ್ನಾಗಿಯೇ ಆಯಿತು. ಮನೆ ಕಟ್ಟಿದ ಹನುಮಂತಪ್ಪ ಮೇಸ್ತ್ರಿಗೆ ಪಂಚೆ, ಟವೆಲು ಕೊಟ್ಟೆವು. ಅವರು ಕುರ್ಚಿ ಹತ್ತಿ, ಬಾಗಿಲ ಮೇಲಿನ ಸಜ್ಜದ ಕೆಳಗೆ ಅರಿಶಿನ ಕುಂಕುಮ ಹಚ್ಚಿದ ಬೂದುಗುಂಬಳಕಾಯಿಯನ್ನು ಹಗ್ಗದ ನೆಲುವಿನಲ್ಲಿಟ್ಟು ಕಟ್ಟಿ, ಜಗ್ಗಿ ನೋಡಿ, “ಇನ್ನು ಯಾರ ಕಣ್ಣೂ ತಾಗಲ್ಲ ಬಿಡ್ರಿ” ಅಂದು ಇಳಿದರು. ಮಾರನೆಯ ದಿನ ಹೊಸ ಟಿವಿ ಬಂತು. ಗೋಡೆಯ ಅರ್ಧ ಅದೇ ತುಂಬಿಕೊಂಡಿತು. ಕೇಬಲಿನ ತಿಪ್ಪೇಶ ಬಂದು ಕಂಬದಿಂದ ಕನೆಕ್ಷನ್ ಕೊಟ್ಟು ಹೋದ. ಅತ್ತೆಯ ಧಾರಾವಾಹಿ ಶುರುವಾಯಿತು. ಹೊರಗೆ ಶಾಮಿಯಾನ ಬಿಚ್ಚುತ್ತಿದ್ದರು, ನಾವೆಲ್ಲ ಸಾಲಾಗಿ ಕೂತು ನೋಡುತ್ತಿದ್ದೆವು. ಅಕ್ಕ ಕೈಯಲ್ಲಿದ್ದ ಎಲೆಅಡಿಕೆ ಮರೆತು, ಬಾಯ್ತುಂಬ, “ಅಬ್ಬಬ್ಬಾ! ಏನ್ ಚೆನ್ನಾಗಿ ಬರ್ತೈತೆ ಕಣೇ ಗಿರಿಜಾ! ಅವ್ರೇ ಬಂದು ನಮ್ ಹಾಲ್‌ನಾಗೆ ನಿಂತಂಗೈತೆ!” ಅಂದಳು. ಅವಳ ಬಾಯಿ ಇನ್ನೂ ಮುಚ್ಚಿರಲಿಲ್ಲ. ಧಾರಾವಾಹಿಯ ಸೊಸೆಯ ಮುಖ ಚೌಕ ಚೌಕವಾಗಿ ಒಡೆದು, ಮೂಗು ಒಂದು ಕಡೆ, ಬೊಟ್ಟು ಒಂದು ಕಡೆ ಆಗಿ, ಪರದೆ ಪೂರ್ತಿ ಕಪ್ಪಾಗಿ, ‘ನೋ ಸಿಗ್ನಲ್’ ಅಂತ ಬಂತು. ಅತ್ತೆ ಟಿವಿಯನ್ನು ನೋಡಲಿಲ್ಲ. ಅಕ್ಕನನ್ನು ನೋಡಿದರು.

ಅವತ್ತು ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಕ್ಕ ಊರಿಗೆ ಹೋದ ಮೇಲೆ ಅತ್ತೆ ಅಕ್ಕಿ ಆರಿಸುತ್ತ, “ಒಬ್ಬೊಬ್ರ ಕಣ್ಣು ಹಂಗಿರ್ತವೆ ಕಣವ್ವ. ಅವ್ರು ಬೇಕು ಅಂತ ಮಾಡಲ್ಲ” ಅಂದರು. ನನ್ನ ಅತ್ತೆ ಕೆಟ್ಟವರಲ್ಲ. ನನಗೆ ಜ್ವರ ಬಂದರೆ ರಾತ್ರಿಯೆಲ್ಲ ಹಣೆಗೆ ಬಟ್ಟೆ ಹಾಕುವವರು. ಬೇಕು ಅಂತ ಮಾಡುವುದಿಲ್ಲ ಅಂತ ಅಕ್ಕನಿಗೆ ಮಾಫಿ ಕೂಡ ಕೊಟ್ಟುಬಿಟ್ಟಿದ್ದರು. ಆ ಮಾಫಿಯೇ ನನಗೆ ಚುಚ್ಚಿತು. ನಾನು ವಿಜ್ಞಾನ ಹೇಳಲು ಹೋದೆ. “ಅತ್ತೆ, ಕಣ್ಣಿಂದ ಏನೂ ಹೊರಗೆ ಹೋಗಲ್ಲ. ಬೆಳಕು ಒಳಗೆ ಬರುತ್ತೆ, ಅಷ್ಟೆ” ಅಂದೆ. ಅತ್ತೆ ಒಂದು ಕಲ್ಲು ಆರಿಸಿ ಎಸೆದು, “ಹಂಗಾದ್ರೆ ಟಿವಿ ಯಾಕೆ ಹೋಯ್ತು, ಹೇಳು” ಅಂದರು. ಅದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದಕೂಡಲೇ ವಿಜ್ಞಾನ ಸೋಲುತ್ತದೆ ಅನ್ನುವುದು ಅವತ್ತು ಗೊತ್ತಾಯಿತು.

ಆಮೇಲೆ ಟಿವಿ ತನ್ನ ಮನಸ್ಸಿಗೆ ಬಂದಾಗ ಬರುವುದು, ಇಲ್ಲದಿದ್ದರೆ ಇಲ್ಲ. ತಿಪ್ಪೇಶನನ್ನು ಕರೆಸಿದೆವು. ಅವನು ಒಂದು ಸಣ್ಣ ಮೀಟರು ಹಿಡಿದು ಕಂಬದ ಹತ್ತಿರ ಹೋದ, “ಫುಲ್ ಸಿಗ್ನಲ್ ಐತೆ ಮೇಡಂ” ಅಂದ. ಹಾಲಿಗೆ ಬಂದ, “ಇಲ್ಲಿ ಏನೂ ಇಲ್ಲ ಮೇಡಂ” ಅಂದ. ಕಂಬಕ್ಕೂ ಹಾಲಿಗೂ ನಡುವೆ ಇರುವುದು ನಮ್ಮ ಅಂಗಳ, ಒಂದು ತುಳಸಿಕಟ್ಟೆ, ಒಂದು ಗೋಡೆ. ಅಷ್ಟರೊಳಗೆ ಫುಲ್ ಸಿಗ್ನಲ್ ಎಲ್ಲಿ ಹೋಯಿತು? “ಅದು ನಿಮ್ಮನೆ ವೈರಿಂಗು. ಓಬಳೇಶಣ್ಣನ್ನ ಕೇಳ್ರಿ” ಅಂದು ಬೈಕು ಹತ್ತಿದ. ಓಬಳೇಶನಿಗೆ ಫೋನು ಮಾಡಿದರೆ, “ನನ್ ವೈರಿಂಗ್ ಬಗ್ಗೆ ಮಾತಾಡ್‌ಬೇಡ್ರಿ ಮೇಡಂ. ಆ ತಿಪ್ಪೇಶ ಬಾಕ್ಸ್ ಕೊಟ್ಟಿರೋದೇ ಹಳೇದು” ಅಂದ. ತಿಪ್ಪೇಶ ಬಾಕ್ಸು ಬದಲಾಯಿಸಿದ. ಹೊಸ ಬಾಕ್ಸು ಬಂದ ಸಂಜೆ ಟಿವಿ ಬಂತು, ಬೆಳಿಗ್ಗೆ ಹೋಯಿತು. ಓಬಳೇಶ ಒಂದು ಭಾನುವಾರ ಬಂದು ಗೋಡೆಗೆ ಕಿವಿ ಇಟ್ಟು ಬೆರಳಿಂದ ತಟ್ಟಿ ತಟ್ಟಿ ನೋಡಿದ. “ಇಲ್ಲಿಂದ ಹಿಂಗೆ ಮ್ಯಾಲಕ್ಕೆ ಹೋಗೈತೆ. ಅಲ್ಲ ತಡೀರಿ, ಹಿಂಗೆ ಕೆಳಕ್ಕೆ ಬಂದೈತೆ” ಅಂದ. ಕಡೆಗೆ, “ಪ್ಲಾಸ್ಟರಿಂಗ್ ಆದ್ಮೇಲೆ ಎಲ್ಲಾ ಗೋಡೆ ಒಂದೇ ಥರ ಕಾಣ್ತವೆ ಮೇಡಂ” ಅಂತ ಕಾಫಿ ಕುಡಿದು ಹೋದ. ನನ್ನ ತಲೆ ಆ ಗೋಡೆಗಿಂತ ಗಟ್ಟಿಯಾಗಿ ಮುಚ್ಚಿಕೊಂಡಿತ್ತು.

ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸಿದ್ಧಾಂತ ಹುಟ್ಟಿತು. ನಮ್ಮ ಮನೆಯವರ ಪ್ರಕಾರ ಇದೆಲ್ಲ ಕರೆಂಟು ತೆಗೆಯಲು ಗುಡ್ಡದ ಮೇಲೆ ನಿಲ್ಲಿಸಿರುವ ಗಾಳಿ ಫ್ಯಾನುಗಳ ಕೆಲಸ. ಅವು ತಿರುಗಿದರೆ ಸಿಗ್ನಲ್ಲು ತುಂಡಾಗುತ್ತದೆಯಂತೆ. “ರೀ, ಸಿಗ್ನಲ್ ಗಾಳೀಲಿ ಬರಲ್ಲ, ವೈರಲ್ಲಿ ಬರುತ್ತೆ” ಅಂದೆ. “ವೈರಿಗೆ ಎಲ್ಲಿಂದ ಬರುತ್ತೆ?” ಅಂದರು. ವಿಚಿತ್ರವೆಂದರೆ ಅವರು ಟೆರೇಸಿನ ಮೇಲೆ ನಿಂತು, “ಫ್ಯಾನು ಜೋರಾಗಿ ತಿರುಗ್ತಾ ಐತೆ” ಅಂತ ಕೂಗಿದಾಗೆಲ್ಲ ಕೆಳಗೆ ಟಿವಿ ನಿಜವಾಗಿಯೂ ಬಂದು ಹೋಗಿ ಮಾಡುತ್ತಿತ್ತು. ನನ್ನದು ಮಿಕ್ಸಿ ಸಿದ್ಧಾಂತ. ಒಂದು ದಿನ ಚಟ್ನಿ ರುಬ್ಬುವಾಗ ಟಿವಿ ಹೋಯಿತು. ಮಿಕ್ಸಿಯ ವೈರು, ಕೇಬಲ್ಲಿನ ವೈರು ಒಂದೇ ಪೈಪಿನಲ್ಲಿರಬೇಕು ಅಂತ ತೀರ್ಮಾನಿಸಿ, ಧಾರಾವಾಹಿಯ ಹೊತ್ತಿಗೆ ಚಟ್ನಿ ಬಂದ್ ಮಾಡಿದೆ. ಟಿವಿ ಆಮೇಲೂ ಹೋಗುತ್ತಿತ್ತು, ಚಟ್ನಿ ಮಾತ್ರ ಇಲ್ಲವಾಯಿತು. ಸ್ಕೂಲಿನಲ್ಲಿ ಕಪ್ಪು ಹಲಗೆಯ ಮೇಲೆ ಸರ್ಕಿಟ್ಟಿನ ಚಿತ್ರ ಬರೆಯುವಾಗ ನನಗೇ ಗೊತ್ತಿಲ್ಲದೆ ಅದು ನಮ್ಮ ಮನೆಯ ನಕ್ಷೆಯಾಗುತ್ತಿತ್ತು. ಬ್ಯಾಟರಿಯ ಪಕ್ಕದಲ್ಲಿ ತುಳಸಿಕಟ್ಟೆ ಬರೆದು ಒರೆಸಿದ್ದೂ ಇದೆ.

ಅತ್ತೆಯ ಸಿದ್ಧಾಂತ ಮಾತ್ರ ಎಲ್ಲರದಕ್ಕಿಂತ ಗಟ್ಟಿಯಾಗಿತ್ತು. ಅದಕ್ಕೆ ಪ್ರಯೋಗದ ಬೆಂಬಲವೂ ಸಿಕ್ಕಿಬಿಟ್ಟಿತು. ಅಮಾವಾಸ್ಯೆ ಬಂತು. ಬಾಗಿಲ ಕುಂಬಳಕಾಯಿ ಅಷ್ಟರಲ್ಲಿ ನೀರು ಬಿಟ್ಟು ಸೊರಗಿತ್ತು. ಅತ್ತೆ ಸಂತೆಯಿಂದ ದಪ್ಪನೆಯ ಹೊಸ ಕಾಯಿ ತರಿಸಿ, ಹಳೆಯ ಹಗ್ಗದ ನೆಲುವಿನಲ್ಲೇ ಮಗನ ಕೈಯಿಂದ ಇಡಿಸಿದರು. ನಮ್ಮ ಮನೆಯವರು ಕುರ್ಚಿಯಿಂದ ಇಳಿಯುವ ಮೊದಲೇ ಹಾಲಿನಲ್ಲಿ ಟಿವಿ ಮಾತಾಡಿತು. ಗಾಜಿನ ಹಾಗೆ ಸ್ವಚ್ಛವಾದ ಚಿತ್ರ. ಅತ್ತೆ ನನ್ನ ಕಡೆ ಒಮ್ಮೆ ನೋಡಿ ರಿಮೋಟಿನಲ್ಲಿ ಸೌಂಡು ಜಾಸ್ತಿ ಮಾಡಿದರು. ಒಂದೆರಡು ವಾರ ಟಿವಿ ಚೆನ್ನಾಗಿ ಬಂತು. ಕಾಯಿ ಒಣಗುತ್ತ ಬಂದ ಹಾಗೆ ಮತ್ತೆ ಚೌಕ ಚೌಕವಾಯಿತು. ಮುಂದಿನ ಅಮಾವಾಸ್ಯೆಗೆ ಮತ್ತೆ ಹೊಸ ಕಾಯಿ, ಮತ್ತೆ ಸ್ವಚ್ಛ ಚಿತ್ರ. ನಾನು ಮಕ್ಕಳಿಗೆ ಏನು ಹೇಳಿಕೊಡುತ್ತೇನೆ? ಒಂದು ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದಾಗ ಒಂದೇ ಫಲಿತಾಂಶ ಬಂದರೆ ಅದನ್ನು ಒಪ್ಪಬೇಕು ಅಂತ. ಅತ್ತೆ ಮಾಡಿ ತೋರಿಸಿದ್ದರು. ಒಪ್ಪುವುದೋ ಬಿಡುವುದೋ ತಿಳಿಯದೆ ನಾನು ಟಿವಿಯನ್ನೂ ಕುಂಬಳಕಾಯಿಯನ್ನೂ ಸರದಿಯ ಮೇಲೆ ನೋಡುತ್ತ ನಿಂತೆ.

ಆಷಾಢದಲ್ಲಿ ಅಕ್ಕ ಬಂದಳು. ನಮ್ಮ ಕಡೆಯ ಆಷಾಢದ ಗಾಳಿ ನಿಮಗೆ ಗೊತ್ತಿರಬೇಕು, ಮನುಷ್ಯರನ್ನೇ ಎತ್ತಿ ಹಾಕುತ್ತದೆ. ಬಸ್ ಸ್ಟ್ಯಾಂಡಿನಿಂದ ನಡೆದು ಬಂದು, ಕೂದಲೆಲ್ಲ ಕೆದರಿಕೊಂಡು, ಕಂಕುಳಲ್ಲಿ ಉಪ್ಪಿನಕಾಯಿ ಜಾಡಿ ಇಟ್ಟುಕೊಂಡು ಒಳಗೆ ಕಾಲಿಟ್ಟಳು. ಗಾಳಿಗೆ ಬಾಗಿಲು ಧಡಾರನೆ ಹಾಕಿಕೊಂಡಿತು. ಟಿವಿ ಹೋಯಿತು. ಅಡುಗೆಮನೆಯಲ್ಲಿದ್ದ ಅತ್ತೆ, ಬಂದವರು ಯಾರೆಂದು ಇಣುಕಿ ನೋಡಿ ಒಳಗೆ ಹೋಗಿ, ನನಗೆ ಮಾತ್ರ ಕೇಳಿಸುತ್ತದೆ ಅಂದುಕೊಂಡು, “ನಿಮ್ಮಕ್ಕ ಬಂದ್ರು ನೋಡು, ಟಿವಿ ಹೋಯ್ತು” ಅಂದರು. ಹೊಸ ಮನೆಗಳಲ್ಲಿ ಮಾತು ಗೋಡೆಯಿಂದ ಗೋಡೆಗೆ ಹಾರಿ ಹಾಲಿಗೆ ಬರುತ್ತದೆ. ನಾನು ಕಾಫಿ ತಗೊಂಡು ಹೊರಗೆ ಬಂದಾಗ ಅಕ್ಕ ಜಾಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಮುಖ ನೋಡಿದರೆ ಕೇಳಿಸಿಕೊಂಡಿದ್ದಾಳೆ ಅಂತ ಗೊತ್ತಾಗುತ್ತಿತ್ತು. ಆಗ ನಾನು ಅತ್ತೆಗೆ ಕೇಳುವ ಹಾಗೆ ಒಂದು ಮಾತು ಅನ್ನಬೇಕಿತ್ತು. ‘ಬಾಗಿಲು ಹಾಕ್ಕೊಂಡ ಸದ್ದಿಗೆ ಹೋಗಿರಬೇಕು’ ಅಂತಲಾದರೂ ಅನ್ನಬಹುದಿತ್ತು. ನಾನು ಅಂದದ್ದು, “ಕಾಫಿಗೆ ಸಕ್ಕರೆ ಸಾಕಾ ಅಕ್ಕ?” ಅಂತ. ಅಕ್ಕ ಅರ್ಧ ಕಾಫಿ ಬಿಟ್ಟು, ಹೊಳಲ್ಕೆರೆ ಬಸ್ಸು ತಪ್ಪುತ್ತದೆ ಅಂತ ಎದ್ದಳು. ಆ ದಾರಿಯಲ್ಲಿ ಸಂಜೆಯವರೆಗೂ ಬಸ್ಸುಗಳಿವೆ.

ಅಂದಿನಿಂದ ಅಕ್ಕನ ಫೋನು ಚಿಕ್ಕದಾಯಿತು. ಮೊದಲೆಲ್ಲ ತನ್ನ ಮನೆ ಎದುರಿನ ನಾಯಿಮರಿಯಿಂದ ಹಿಡಿದು ಡಾಕ್ಟರ ಕೈಬರಹದವರೆಗೆ ಎಲ್ಲವನ್ನೂ ಹೊಗಳಿ ನನ್ನ ಕಿವಿ ಬಿಸಿ ಮಾಡುತ್ತಿದ್ದವಳು, ಈಗ “ಚೆನ್ನಾಗಿದೀಯಾ? ಎಲ್ಲರೂ ಆರಾಮಾ? ಇಡ್ತೀನಿ” ಅನ್ನುತ್ತಿದ್ದಳು. ಗೌರಿ ಹಬ್ಬ ಹತ್ತಿರ ಬರುತ್ತಿತ್ತು. ಪ್ರತಿವರ್ಷ ಹಬ್ಬಕ್ಕೆ ಬಾಗಿನ ಹಿಡಿದು ತಾನೇ ಬರುವವಳು. ಅವ್ವ ಕೊಡಬೇಕಾದದ್ದನ್ನು ಅವಳು ತಂದು ಕೊಡುತ್ತಿದ್ದಳು. ಈ ಸಲ ಕರೆದರೆ, “ನೋಡಾಣ ಬಿಡೇ, ಮೊಣಕಾಲು ನೋವು” ಅಂದಳು. ನನಗೆ ಅಳು ಬಂತು. ಅಳುತ್ತ ಕೂತರೆ ಏನೂ ಆಗುವುದಿಲ್ಲವಲ್ಲ. ನಾನು ಹಬ್ಬಕ್ಕೆ ಮೊದಲು ಆ ಟಿವಿಯ ರೋಗ ಏನೆಂದು ಕಂಡುಹಿಡಿದೇ ತೀರಬೇಕು ಅಂದುಕೊಂಡೆ. ಧಾರಾವಾಹಿಯ ಸಲುವಾಗಿ ಅಲ್ಲ, ಅಕ್ಕನ ಕಣ್ಣಿನ ಮೇಲಿನ ಅಪವಾದ ಕಳೆಯುವ ಸಲುವಾಗಿ. ಕೇಬಲ್ ರಿಪೇರಿಯ ಹೆಸರಿನಲ್ಲಿ ನಾನು ಒಂದು ಕೇಸು ನಡೆಸುತ್ತಿದ್ದೆ, ಆದರೆ ತಿಪ್ಪೇಶನಿಗಾಗಲಿ ಓಬಳೇಶನಿಗಾಗಲಿ ಅದು ಗೊತ್ತಿರಲಿಲ್ಲ.

ಅದುವರೆಗೆ ನಾವು ಮಾಡುತ್ತಿದ್ದ ತಪ್ಪೇನೆಂದರೆ ಅವರಿಬ್ಬರನ್ನೂ ಬೇರೆ ಬೇರೆಯಾಗಿ ಕರೆಯುತ್ತಿದ್ದದ್ದು. ಒಬ್ಬ ಬಂದಾಗ ಇನ್ನೊಬ್ಬನದೇ ತಪ್ಪು. ಒಂದು ಭಾನುವಾರ ಒಬ್ಬನಿಗೆ ಇನ್ನೊಬ್ಬನ ವಿಷಯ ಹೇಳದೆ ಇಬ್ಬರನ್ನೂ ಒಂದೇ ಹೊತ್ತಿಗೆ ಬರಮಾಡಿಕೊಂಡೆ. ಬಾಗಿಲಲ್ಲೇ ಒಬ್ಬರನ್ನೊಬ್ಬರು ನೋಡಿದರು. “ಏನಪ್ಪ ಓಬಳೇಶಣ್ಣ, ಗೋಡೆ ಒಳಗೆ ಏನ್ ಹಾಕಿದೀಯಾ? ಕೇಬಲ್ ಹಾಕಿದೀಯೋ ಸುತ್ಲಿ ದಾರ ಹಾಕಿದೀಯೋ?” ಅಂತ ತಿಪ್ಪೇಶ ಶುರು ಮಾಡಿದ. “ಲೇ ತಿಪ್ಪೇಶ, ನಿನ್ ಸಿಗ್ನಲ್ ಇದ್ರಲ್ವೇನೋ ನನ್ ವೈರ್ ತಗೊಂಡೋಗೋದು!” ಅಂತ ಓಬಳೇಶ. “ಇಬ್ರೂ ಕುಂತ್ಕಳ್ರಿ, ಮೊದ್ಲು ಕಾಫಿ ಕುಡೀರಿ” ಅಂದೆ. ಯಾರೂ ಕುಂತ್ಕೊಳ್ಳಲಿಲ್ಲ. ತಿಪ್ಪೇಶ, “ನಾನು ಇಲ್ಲೇ ತೋರಿಸ್ತೀನಿ. ಮನೆ ಒಳಗೆ ಹೋಗೋ ಮುಂಚೆ ಎಷ್ಟು ಸಿಗ್ನಲ್ ಐತೆ ನೋಡು ಬಾ” ಅಂತ ಪ್ಲಾಸ್ಟಿಕ್ ಕುರ್ಚಿ ಎಳೆದು ಬಾಗಿಲ ಮುಂದೆ ಹಾಕಿಕೊಂಡು ಹತ್ತಿದ. ಆ ಕುರ್ಚಿಗೆ ಒಂದು ಕಾಲು ಸ್ವಲ್ಪ ಗಿಡ್ಡ. ಅದು ಓಲಾಡಿತು. ಅವನು ಬೀಳಬಾರದು ಅಂತ ಎದುರಿಗಿದ್ದ ಕುಂಬಳಕಾಯಿಯ ನೆಲುವನ್ನು ಹಿಡಿದುಕೊಂಡ.

ಒಳಗಿನಿಂದ ಅತ್ತೆ, “ಬಂತು ಬಂತು! ಟಿವಿ ಬಂತು!” ಅಂತ ಕೂಗಿದರು. ತಿಪ್ಪೇಶ ತನ್ನ ಮೀಟರನ್ನು ನೋಡಿ, “ನಾನಿನ್ನೂ ಏನೂ ಮಾಡಿಲ್ಲ” ಅಂದು ನೆಲುವು ಬಿಟ್ಟು ತಲೆ ಕೆರೆದುಕೊಂಡ. “ಹೋಯ್ತು!” ಅಂದರು ಅತ್ತೆ. ಕುರ್ಚಿ ಮತ್ತೆ ಓಲಾಡಿತು, ಅವನು ಮತ್ತೆ ಹಿಡಿದ. “ಬಂತು!” ಬಿಟ್ಟ. “ಹೋಯ್ತು! ಏನ್ ಮಾಡ್ತಾ ಇದೀರೋ ಅಲ್ಲಿ? ಅವ್ಳು ಅಳ್ತಾ ಇದ್ಲು, ಯಾಕೆ ಅಂತ ಗೊತ್ತಾಗ್ಲಿಲ್ಲ!” ಅತ್ತೆಗೆ ಧಾರಾವಾಹಿಯ ಚಿಂತೆ. ನಾನು, ನಮ್ಮ ಮನೆಯವರು, ಓಬಳೇಶ ಮೂವರೂ ಬಾಯಿ ತೆರೆದುಕೊಂಡು ನಿಂತೆವು. ಓಬಳೇಶ, “ಲೇ, ಜಗ್ಗೋ ಇನ್ನೊಂದ್ಸಲ” ಅಂದ. ತಿಪ್ಪೇಶ ಜಗ್ಗಿದ. “ಬಂತು!” ಅಂದರು ಅತ್ತೆ. ಇನ್ನೂ ಸ್ವಲ್ಪ ಜೋರಾಗಿ ಜಗ್ಗಿದ. ಅಷ್ಟೆ. ಕುಂಬಳಕಾಯಿ ಬುಡದಲ್ಲಿ ಒಡೆದು, ಒಳಗೆ ಉಳಿದಿದ್ದ ಕೊಳೆತ ನೀರೆಲ್ಲ ಅವನ ತಲೆಯ ಮೇಲೆ ಅಭಿಷೇಕವಾಯಿತು. ಕುರ್ಚಿ ಮಗುಚಿತು. ತಿಪ್ಪೇಶ ನೆಲುವು ಸಮೇತ ತುಳಸಿಕಟ್ಟೆಯ ಪಕ್ಕ ಬಂದು ಕೂತ. ಸದ್ಯ ಪೆಟ್ಟಾಗಲಿಲ್ಲ. ನೆಲುವಿನ ಹಿಂದೆಯೇ ಗೋಡೆಯ ಪೈಪಿನಿಂದ ಕಪ್ಪು ವೈರೊಂದು ಬಾಲದ ಹಾಗೆ ಹೊರಗೆ ಬಂದು ನೇತಾಡಿತು. ಅದರ ತುದಿಯಲ್ಲಿ ಹಳೆಯ ಟೇಪು ಸುತ್ತಿದ ಒಂದು ಗಂಟು ಬಿಚ್ಚಿಕೊಂಡಿತ್ತು.

ಆಗ ತಿಳಿದದ್ದು ಇಷ್ಟು. ಓಬಳೇಶನಿಗೆ ವೈರಿಂಗ್ ಮಾಡುವಾಗ ಕೇಬಲ್ಲು ಮೊಳದಷ್ಟು ಸಾಲದೆ ಬಂದಿತ್ತು. ಹೊಸದು ತರುವ ಬದಲು ಒಂದು ತುಂಡನ್ನು ಕೈಯಲ್ಲೇ ತಿರುಚಿ, ಟೇಪು ಸುತ್ತಿ, ಬಾಗಿಲ ಮೇಲಿನ ಪೈಪಿನೊಳಗೆ ತಳ್ಳಿದ್ದ. ಕಂಬದಿಂದ ಬರುವ ವೈರಿಗೆ ಜೋಡಿಸಲು ಅನುಕೂಲವಾಗಲಿ ಅಂತ ಸ್ವಲ್ಪ ಉದ್ದವನ್ನು ಸಜ್ಜದ ಕೆಳಗೆ ಕುಣಿಕೆಯ ಹಾಗೆ ಬಿಟ್ಟಿದ್ದ. ಗೃಹಪ್ರವೇಶದ ದಿನ ಹನುಮಂತಪ್ಪ ಮೇಸ್ತ್ರಿ ನೋಡುತ್ತಾರೆ, ಕುಂಬಳಕಾಯಿ ಕಟ್ಟಲು ಸಜ್ಜಕ್ಕೆ ಉಂಗುರ ಹಾಕುವುದನ್ನೇ ಮರೆತಿದ್ದಾರೆ. ಪುರೋಹಿತರು ಮುಹೂರ್ತ ಮೀರುತ್ತಿದೆ ಅಂತ ಅವಸರ ಮಾಡುತ್ತಿದ್ದಾರೆ. ಕಣ್ಣೆದುರಿಗೆ ಗಟ್ಟಿಯಾದ ಕಪ್ಪು ಕುಣಿಕೆ. ಅದಕ್ಕೇ ನೆಲುವು ಕಟ್ಟಿದರು. ಮಾರನೆಯ ದಿನ ಬಂದ ತಿಪ್ಪೇಶನೋ, ದೇವರ ಕಾಯಿ ಮುಟ್ಟಬಾರದು ಅಂತ ಕುಣಿಕೆಯ ತುದಿಗೆ ತನ್ನ ವೈರು ಸಿಕ್ಕಿಸಿ ಸುಮ್ಮನೆ ಹೋಗಿದ್ದ. ಫೋನಿನಲ್ಲಿ ಮೇಸ್ತ್ರಿಯನ್ನು ಕೇಳಿದರೆ, “ಜಗ್ಗಿ ನೋಡಿಯೇ ಕಟ್ಟಿದ್ದೆ ಕಣ್ರಿ. ಇಷ್ಟು ದಿನ ಬಿದ್ದಿಲ್ಲ ಅಂದ್ರೆ ಗಟ್ಟಿ ಐತೆ ಅಂತ್ಲೇ ಅರ್ಥ ಅಲ್ವಾ?” ಅಂದರು. ಕಾಯಿ ಹೊಸದಾಗಿ ಭಾರವಾಗಿದ್ದಾಗ ವೈರು ಬಿಗಿಯಾಗಿ, ಪೈಪಿನ ಬಾಯಲ್ಲಿ ಆ ಸಡಿಲ ಗಂಟು ಒತ್ತಿಕೊಂಡು ಸಿಗ್ನಲ್ಲು ಹರಿಯುತ್ತಿತ್ತು. ಕಾಯಿ ಒಣಗಿ ಹಗುರಾದರೆ ಗಂಟು ಸಡಿಲ. ಗಾಳಿಗೆ ಕಾಯಿ ತೂಗಿದರೆ ಚಿತ್ರ ಬಂದು ಹೋಗುವುದು. ಬಾಗಿಲು ಧಡಾರ್ ಅಂದರೆ ಪೂರ್ತಿ ಹೋಗುವುದು. ಅಕ್ಕ ಮೊದಲ ಸಲ ಹೊಗಳಿದ ಹೊತ್ತಿಗೆ ಹೊರಗೆ ಶಾಮಿಯಾನ ಬಿಚ್ಚುತ್ತಿದ್ದವರ ಗಳ ಕಾಯಿಗೆ ತಗುಲಿರಬೇಕು. ಒಂದೊಂದಾಗಿ ಎಲ್ಲವೂ ಹೊಂದಿಕೊಂಡವು. ನನಗೆ ಕುಣಿಯಬೇಕು ಅನ್ನಿಸಿತು.

ನಾನು ಒಳಗೆ ಓಡಿ ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಭಾರ, ಬಿಗಿತ, ತಾಮ್ರದ ತುದಿ, ಸಂಪರ್ಕ, ಎಲ್ಲ. ಸ್ಕೂಲಿನಲ್ಲಿ ಕೂಡ ಅಷ್ಟು ಚೆನ್ನಾಗಿ ಪಾಠ ಮಾಡಿದ್ದಿಲ್ಲ. ಅತ್ತೆ ಪೂರ್ತಿ ಕೇಳಿಸಿಕೊಂಡು, “ಅಂದ್ರೆ ಕುಂಬಳಕಾಯಿ ಇದ್ದಿದ್ರಿಂದ್ಲೇ ಟಿವಿ ಬರ್ತಿತ್ತು ಅನ್ನು” ಅಂದರು. ನಾನು ತಡವರಿಸಿ, “ಹೂಂ, ಒಂದು ರೀತೀಲಿ” ಅಂದೆ. “ಹೊಸ ಕಾಯಿ ಕಟ್ಟಿದ್ರೆ ಬರ್ತಿತ್ತು, ಹಳೇದಾದ್ರೆ ಹೋಗ್ತಿತ್ತು.” “ಹೂಂ.” “ಅದನ್ನೇ ಕಣವ್ವ ನಾನು ಮೊದ್ಲಿಂದ ಹೇಳ್ತಾ ಇರೋದು” ಅಂದು ಎಲೆಅಡಿಕೆ ಬಾಯಿಗೆ ಹಾಕಿಕೊಂಡರು. ನನ್ನ ಸಾಕ್ಷಿ ಎದುರುಪಕ್ಷದ ಸಾಕ್ಷಿಯಾಗಿಬಿಟ್ಟಿತ್ತು. “ಆದ್ರೆ ಅಕ್ಕನ ಕಣ್ಣು ಅಲ್ಲ ಅತ್ತೆ” ಅಂತ ಈ ಸಲ ಗಟ್ಟಿಯಾಗಿ ಅಂದೆ. ಅತ್ತೆ ಎದ್ದು ಬಾಗಿಲಿಗೆ ಹೋಗಿ, ನೇತಾಡುತ್ತಿದ್ದ ವೈರನ್ನು ನೋಡಿ ಬಂದರು. ಆಮೇಲೆ, “ಅಲ್ಲ ಅಂದ್ರೆ ಅಲ್ಲ. ಹಬ್ಬಕ್ಕೆ ಬರಾಕೆ ಹೇಳು. ನಾನೂ ಮಾತಾಡ್ತೀನಿ, ಫೋನ್ ಹಚ್ಚು” ಅಂದರು. ನಿಜವಾಗಿಯೂ ಮಾತಾಡಿದರು. “ಸರೋಜಮ್ಮ, ಬಾಗಿನ ತಗೊಂಡು ಬರ್ರಿ, ನಿಮ್ ತಂಗಿ ಮುಖ ಸಣ್ಣಗ್ ಮಾಡ್ಕೊಂಡು ಕುಂತವ್ಳೆ” ಅಂದದ್ದನ್ನು ನಾನೇ ಕಿವಿಯಾರೆ ಕೇಳಿದೆ. ಓಬಳೇಶ ಹೊಸ ವೈರು ಎಳೆದ. ಸಾಲದೆ ಬರಬಾರದು ಅಂತ ತಿಪ್ಪೇಶ ತಲೆಗೆ ಟವೆಲು ಸುತ್ತಿಕೊಂಡು ಪಕ್ಕದಲ್ಲೇ ಕಾವಲು ನಿಂತ. ಮೇಸ್ತ್ರಿ ಬಂದು ಕಬ್ಬಿಣದ ಉಂಗುರ ಹಾಕಿದರು. ಕುಂಬಳಕಾಯಿ ಉಂಗುರಕ್ಕೆ, ವೈರು ಪೈಪಿಗೆ, ಬೇರೆ ಬೇರೆ ಸಂಸಾರವಾಯಿತು.

ಗೌರಿ ಹಬ್ಬಕ್ಕೆ ಅಕ್ಕ ಬಂದಳು. ಮೊಣಕಾಲು ನೋವು ಏನಾಯಿತೋ ನಾನು ಕೇಳಲಿಲ್ಲ. ಬಾಗಿನ ಕೊಟ್ಟಳು, ಕಾಲಿಗೆ ಬಿದ್ದೆ, ಇಬ್ಬರೂ ಸ್ವಲ್ಪ ಅತ್ತೆವು. ಅತ್ತೆ ತಮ್ಮ ಕುರ್ಚಿಯನ್ನೇ ಟಿವಿಯ ಎದುರಿಗೆ ಎಳೆದು, “ಇಲ್ಲಿ ಕುಂತ್ಕಳ್ರಿ ಸರೋಜಮ್ಮ” ಅಂದರು. ನನ್ನ ಕಣ್ಣಿಗೆ ಅದು ದೊಡ್ಡ ಮರ್ಯಾದೆ. ಆದರೆ ಅಕ್ಕ ಬದಲಾಗಿದ್ದಳು. ಹೋಳಿಗೆ ಬಡಿಸಿದೆ, ತಿಂದಳು, ಹೇಗಿದೆ ಅನ್ನಲಿಲ್ಲ. ನನ್ನ ಹೊಸ ಸೀರೆಯನ್ನು ಬೆರಳಲ್ಲಿ ಮುಟ್ಟಿ ನೋಡಿ, ಏನೋ ಹೇಳಲು ಹೋಗಿ, ಬಾಯಿ ಮುಚ್ಚಿಕೊಂಡಳು. ಪಕ್ಕದ ಮನೆಯ ಮಗು ಬಂದರೆ ಕೈ ಹಿಂದಕ್ಕೆ ಎಳೆದುಕೊಂಡಳು. ಅತ್ತೆ, “ನೋಡ್ರಿ, ಈಗ ಟಿವಿ ಹೆಂಗ್ ಬರ್ತೈತೆ” ಅಂದರೆ, “ಏನೋ, ಬರ್ತೈತೆ ಬಿಡ್ರಿ” ಅಂತ ನೆಲ ನೋಡಿದಳು. ಬದನೆಕಾಯಿಯನ್ನು ಬಿಡದೆ ಹೊಗಳುವ ನಮ್ಮಕ್ಕ ಇವಳೇನಾ? ಟಿವಿ ರಿಪೇರಿ ಮಾಡಿಸಿ ನಾನು ಗೆದ್ದೆ ಅಂದುಕೊಂಡಿದ್ದೆ, ಆದರೆ ಕೆಟ್ಟುಹೋದದ್ದು ಬೇರೆ ಏನೋ ಆಗಿತ್ತು.

ಅವಳ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. “ಅಕ್ಕ, ಆ ವೈರಿನ ಕತೆಯೆಲ್ಲ ಹೇಳಿದೀನಲ್ಲ ನಿಂಗೆ? ನಿನ್ ಕಣ್ಣು ಅಲ್ಲ, ಓಬಳೇಶನ ಗಂಟು. ನಮ್ ಮನೇಲಿ ಯಾರಿಗೂ ಆ ಅನುಮಾನ ಇಲ್ಲ. ನನ್ ಮೇಲೆ ಆಣೆ. ಮೊದ್ಲಿನ ಹಂಗೆ ಬಾಯ್ತುಂಬ ಒಂದು ಮಾತು ಹೇಳೇ” ಅಂದೆ. ಅಕ್ಕ ನನ್ನ ಮುಖವನ್ನೇ ನೋಡಿದಳು. ಅತ್ತೆ ಅಡಕತ್ತರಿಯಲ್ಲಿ ಅಡಿಕೆ ಹೆಚ್ಚುತ್ತಿದ್ದವರು ತಲೆಯೆತ್ತಲಿಲ್ಲ. ನಮ್ಮ ಮನೆಯವರು ಎರಡನೆಯ ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಿದ್ದರು. ಅಕ್ಕನಿಗೆ ನಿಧಾನಕ್ಕೆ ನಗು ಬಂತು. ಪರದೆಯ ಕಡೆ ತಿರುಗಿ, ಮೊದಲಿನ ಹಾಗೇ ಕಣ್ಣರಳಿಸಿ, “ಬಾಳ ಚೆನ್ನಾಗೈತೆ ಕಣೇ ಗಿರಿಜಾ! ಎಷ್ಟ್ ನೋಡಿದ್ರೂ ಸಾಲಲ್ಲ!” ಅಂದಳು.

ಚಿತ್ರ ಅಲುಗಲಿಲ್ಲ. ಒಂದು ಚೌಕ ಕೂಡ ಒಡೆಯಲಿಲ್ಲ. ನನಗೆ ಇದು ಖಚಿತವಾಗಿ ಗೊತ್ತು, ಯಾಕೆಂದರೆ ಅಕ್ಕನ ಬಾಯಿಂದ ಆ ಮಾತು ಬಿದ್ದ ಕೂಡಲೇ ನಾನು ಅವಳ ಕೈ ಬಿಟ್ಟು, ಉಸಿರು ಹಿಡಿದು, ಟಿವಿಯ ಕಡೆ ನೋಡಿದೆ. ಅತ್ತೆ ಅಡಿಕೆಯಿಂದ ಕಣ್ಣು ತೆಗೆದಿರಲಿಲ್ಲ. ಅದನ್ನು ಹಾಗೆ ನೋಡಿದವಳು ಇಡೀ ಮನೆಯಲ್ಲಿ ನಾನೊಬ್ಬಳೇ. ಸಮಾಧಾನವಾಗಿ ಉಸಿರು ಬಿಟ್ಟು ಈ ಕಡೆ ತಿರುಗಿದೆ. ಅಕ್ಕ ಟಿವಿ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.